ಒತ್ತಾಯದ ಮರ್ಯಾದೆ

ಕಾಪುವಿನ ಕಡಲ ಬದಿಯಲ್ಲಿ ಹೊಸದಾಗಿ ಎದ್ದ ರೆಸಾರ್ಟಿನಿಂದ ಸಂದರ್ಶನಕ್ಕೆ ಕರೆ ಬಂದಾಗ ತಾರಾನಾಥ ಮಾಡಿದ ಮೊದಲ ಕೆಲಸವೆಂದರೆ ಕರೆದವರನ್ನು ಗೇಲಿ ಮಾಡಿದ್ದು. ನಿಮ್ಮ ಬಗ್ಗೆ ನೀವೇ ನಾಲ್ಕು ಮಾತು ಹೇಳಿಕೊಳ್ಳಬೇಕಾಗುತ್ತದೆ, ತಯಾರಾಗಿ ಬನ್ನಿ ಎಂದು ಫೋನಿನಲ್ಲಿ ಒಬ್ಬಳು ಹುಡುಗಿ ಹೇಳಿದ್ದಳಂತೆ. ತನ್ನನ್ನು ತಾನೇ ಹೊಗಳಿಕೊಳ್ಳುವುದು ಚುನಾವಣೆಗೆ ನಿಂತವರ ಕೆಲಸ, ಇಲ್ಲವೆ ಬಸ್‌ಸ್ಟ್ಯಾಂಡಿನಲ್ಲಿ ಹಲ್ಲುಪುಡಿ ಮಾರುವವರ ಕೆಲಸ, ಮರ್ಯಾದಸ್ಥರದ್ದಲ್ಲ ಎಂದು ಅವನು ಅಲೆವೂರಿನ ತನ್ನ ಮನೆಯ ಜಗಲಿಯಲ್ಲಿ ಕುಳಿತು ಹೆಂಡತಿಗೆ ವಿವರಿಸಿದ. ಬಂಗುಡೆ ಮೀನು ಶುಚಿ ಮಾಡುತ್ತಿದ್ದ ಬೇಬಿ ತಲೆಯೆತ್ತದೆ, ಹೋಗುವುದು ಯಾವತ್ತು ಎಂದಷ್ಟೇ ಕೇಳಿದಳು.

ತಾರಾನಾಥ ಉಡುಪಿಯ ಹಳೆಯ ಲಾಡ್ಜೊಂದರಲ್ಲಿ ಅರ್ಧ ಆಯುಷ್ಯ ಮ್ಯಾನೇಜರನಾಗಿದ್ದವನು. ಧಣಿ ತೀರಿಕೊಂಡ ಮೇಲೆ ಮಕ್ಕಳು ಕಟ್ಟಡ ಮಾರಿದರು, ಕೊಂಡವರು ಅದನ್ನು ಕೆಡವಿದರು, ಮ್ಯಾನೇಜರನ ಕುರ್ಚಿ ಗುಜರಿಗೆ ಹೋಯಿತು, ಮ್ಯಾನೇಜರ ಮನೆಗೆ ಬಂದ. ಅಂದಿನಿಂದ ಅವನಿಗೆ ಇದ್ದ ಒಂದೇ ಉದ್ಯೋಗ ಜಗತ್ತಿನ ಮೇಲೆ ಮೂಗು ಮುರಿಯುವುದು. ಹೊಸ ಹೋಟೆಲುಗಳಲ್ಲಿ ನೀರು ತಂದಿಡುವವನಿಗೆ ನಿಲ್ಲಲು ಬರುವುದಿಲ್ಲ, ನಗುವವನಿಗೆ ಯಾಕೆ ನಗುತ್ತಿದ್ದೇನೆಂದು ಗೊತ್ತಿಲ್ಲ, ಬಂದವರನ್ನು ಹೆಸರು ಹಿಡಿದು ಕರೆಯುತ್ತಾರೆ, ಹೋಗುವಾಗ ನಕ್ಷತ್ರ ಕೊಡಿ ಎಂದು ಮೊಬೈಲು ಒಡ್ಡುತ್ತಾರೆ. ಇವೆಲ್ಲ ಸುಳ್ಳೇನಲ್ಲ. ತಾರಾನಾಥನ ತಿರಸ್ಕಾರದಲ್ಲಿ ಮುಕ್ಕಾಲು ಪಾಲು ಸತ್ಯವೇ ಇರುತ್ತಿತ್ತು. ಕಷ್ಟವೆಂದರೆ ಅವನು ಉಳಿದ ಕಾಲು ಪಾಲಿನಲ್ಲಿ ವಾಸಿಸುತ್ತಿದ್ದ.

ರೆಸಾರ್ಟಿನ ಆ ಕೆಲಸ ಅವನಿಗೆ ಬೇಕಿತ್ತು. ಬೇಕಿತ್ತು ಎಂದು ಅವನು ಯಾರಿಗೂ ಹೇಳಿರಲಿಲ್ಲ, ಹೇಳುವ ಜಾಯಮಾನವೂ ಅವನದಲ್ಲ. ಆದರೆ ಅದು ಸಿಗದೆ ಹೋದರೆ ಉಳಿಯುವ ದಾರಿ ಒಂದೇ, ಕಾರ್ಕಳದಲ್ಲಿ ಭಾವಮೈದುನ ಜಿತೇಶನ ಅಂಗಡಿ. ಬೇಬಿಯ ತಮ್ಮ ಜಿತೇಶ ಅಲ್ಲಿ ಟೈಲ್ಸ್, ನಲ್ಲಿ, ಕಮೋಡು ಮಾರಿ ದೊಡ್ಡ ಮನುಷ್ಯನಾಗಿದ್ದ. ಓದಿನಲ್ಲಿ ಹಿಂದೆ, ಮಾತಿನಲ್ಲಿ ಒರಟು, ನಗುವಾಗ ಹಿಂದಿನ ಹಲ್ಲು ಕಾಣುವ ಹಾಗೆ ನಗುವವನು. ಊಟಕ್ಕೆ ಕೂತರೆ ಬೇಕಾದ್ದನ್ನು ಕೇಳಿ ಹಾಕಿಸಿಕೊಳ್ಳುವವನು. ಇಂಥವನು ಕಳೆದ ವರ್ಷ ಸತ್ಯನಾರಾಯಣ ಪೂಜೆಯ ದಿನ ನೆಂಟರೆಲ್ಲರ ನಡುವೆ, ಭಾವ, ಸುಮ್ಮನೆ ಮನೆಯಲ್ಲಿ ಕೂರುವುದು ಯಾಕೆ, ನಮ್ಮ ಅಂಗಡಿಯ ಗಲ್ಲಾದಲ್ಲಿ ಬಂದು ಕೂರಿ ಎಂದಿದ್ದ. ತಾರಾನಾಥ ನಕ್ಕು, ಕಮೋಡಿನ ನಡುವೆ ಕೂರುವ ಯೋಗ ಇನ್ನೂ ಬಂದಿಲ್ಲ ಮಾರಾಯ ಎಂದು ನಾಲ್ಕು ಜನ ನಗುವಂತೆ ಮಾಡಿದ್ದ. ಜಿತೇಶನೂ ನಕ್ಕಿದ್ದ. ಈಗ ದಿನವೂ ಹಿರಿಯಡ್ಕದ ಬಸ್ಸು ಹಿಡಿದು ಕಾರ್ಕಳಕ್ಕೆ ಹೋಗಿ, ಆ ಹಲ್ಲುಗಳ ಎದುರು ಕೂತು ಬಿಲ್ಲು ಬರೆಯುವ ಚಿತ್ರ ಕಣ್ಣಿಗೆ ಬಂದರೆ ತಾರಾನಾಥ ಊಟ ಅರ್ಧಕ್ಕೆ ಬಿಟ್ಟು ಏಳುತ್ತಿದ್ದ.

ಮಗಳು ಮೋಕ್ಷಾ ಮಣಿಪಾಲದ ಕಚೇರಿಯೊಂದರಲ್ಲಿ ಹೊಸಬರನ್ನು ಆರಿಸುವ ವಿಭಾಗದಲ್ಲೇ ಇದ್ದಳು. ಅಪ್ಪನನ್ನು ತಯಾರು ಮಾಡುವ ಹೊಣೆಯನ್ನು ಅವಳು ತಲೆಯ ಮೇಲೆ ಹೊತ್ತುಕೊಂಡಳು. ಸಂಜೆ ಕೆಲಸದಿಂದ ಬಂದವಳು ಕೈಕಾಲು ತೊಳೆದು ಅಪ್ಪನ ಎದುರು ಕುರ್ಚಿ ಎಳೆದುಕೊಂಡು ಕೂತು, ಬೇರೆಯವಳ ಹಾಗೆ ಮುಖ ಮಾಡಿಕೊಂಡು ಪ್ರಶ್ನೆ ಕೇಳುತ್ತಿದ್ದಳು. ನಿಮ್ಮ ದೌರ್ಬಲ್ಯ ಯಾವುದು? ದೌರ್ಬಲ್ಯ ಇದ್ದವನು ಡಾಕ್ಟರ ಹತ್ತಿರ ಹೇಳುತ್ತಾನೆ, ಇವರ ಹತ್ತಿರ ಯಾಕೆ ಹೇಳುತ್ತಾನೆ ಎಂದ ತಾರಾನಾಥ. ಐದು ವರ್ಷದ ನಂತರ ನಿಮ್ಮನ್ನು ಎಲ್ಲಿ ಕಾಣಲು ಬಯಸುತ್ತೀರಿ? ಕಾಣುವವರು ಬದುಕಿದ್ದರೆ ಅಲೆವೂರಿನಲ್ಲಿ. ನಿಮ್ಮನ್ನೇ ಯಾಕೆ ಆರಿಸಬೇಕು? ಇದಕ್ಕೆ ಮಾತ್ರ ಅವನಿಗೆ ನಿಜವಾಗಿ ಸಿಟ್ಟು ಬಂತು. ಅದನ್ನು ನಾನು ಹೇಳುವುದಲ್ಲ, ಉಡುಪಿಯಲ್ಲಿ ನಾಲ್ಕು ಜನರನ್ನು ವಿಚಾರಿಸಿದರೆ ಅವರೇ ಹೇಳುತ್ತಾರೆ ಎಂದ.

ಅವಳ ಸಲಹೆಗಳಿಗೂ ಇದೇ ಗತಿಯಾಯಿತು. ಕೋಟು ಹಾಕಬೇಕಂತೆ. ಕಾಪುವಿನ ಬೇಸಗೆಯಲ್ಲಿ ಕೋಟು ಹಾಕುವವನು ಒಂದೋ ಮದುಮಗ, ಅಲ್ಲದಿದ್ದರೆ ಹುಚ್ಚ. ಕೈ ಕುಲುಕುವಾಗ ಗಟ್ಟಿಯಾಗಿ ಹಿಡಿಯಬೇಕಂತೆ, ಯಾಕೆ, ಓಡಿಹೋಗುತ್ತಾರೆಯೇ? ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬೇಕಂತೆ. ಹೆಂಗಸರ ಕಣ್ಣಿಗೆ ಹಾಗೆ ಕಣ್ಣು ಕೊಟ್ಟವರನ್ನು ಅವನು ಲಾಡ್ಜಿನಿಂದ ಹೊರಗೆ ಹಾಕಿದ್ದುಂಟು. ಮೋಕ್ಷಾ ಕೊನೆಗೆ ಎಲ್ಲವನ್ನೂ ಬಿಟ್ಟು ಒಂದೇ ಒಂದಕ್ಕೆ ಅಂಟಿಕೊಂಡಳು. ಹೇಗೆ ಬೇಕಾದರೂ ಹೋಗಿ, ಎಂತ ಬೇಕಾದರೂ ಮಾತಾಡಿ, ಕೊನೆಯಲ್ಲಿ ನನಗೆ ಈ ಕೆಲಸ ಬೇಕು ಎಂದು ಒಂದು ವಾಕ್ಯ ಬಾಯಿಬಿಟ್ಟು ಹೇಳಿ ಬನ್ನಿ ಎಂದಳು. ಒಮ್ಮೆ ಈಗ ಹೇಳಿ ನೋಡುವ ಎಂದು ಪೀಡಿಸಿದಳು. ತಾರಾನಾಥ ಹೇಳಲಿಲ್ಲ. ಅದು ದೇವಸ್ಥಾನದ ಮೆಟ್ಟಿಲ ಮೇಲೆ ಕೂತವರು ಹೇಳುವ ಮಾತು ಎಂದು ಎದ್ದು ಹೋದ.

ಅವನನ್ನು ಅರ್ಥಮಾಡಿಕೊಳ್ಳಬೇಕಾದರೆ ನಮ್ಮ ಕಡೆಯ ಊಟದ ಕ್ರಮ ಗೊತ್ತಿರಬೇಕು. ಬಡಿಸುವವನು ಬಂದು ಇನ್ನೊಂದು ಸೌಟು ಹಾಕಲಾ ಎಂದರೆ ಹಾಕಿ ಎನ್ನುವಂತಿಲ್ಲ. ಮೊದಲ ಸಲ ಎರಡೂ ಕೈಗಳನ್ನು ಎಲೆಯ ಮೇಲೆ ಚಾಚಿ, ಬೇಡವೇ ಬೇಡ ಎನ್ನಬೇಕು. ಎರಡನೇ ಸಲ ಒಂದೇ ಕೈ ಚಾಚಬೇಕು, ಬೆರಳುಗಳ ನಡುವೆ ಸ್ವಲ್ಪ ಜಾಗ ಬಿಟ್ಟು. ಬಡಿಸುವವನು ಬಿಡದೆ ಮೂರನೇ ಸಲ ಒತ್ತಾಯ ಮಾಡಿದ ಮೇಲೆ, ನಿಮ್ಮ ಮಾತಿಗೆ ಒಂಚೂರು ಎಂದು ಕೈಯನ್ನು ಹಿಂದೆ ತೆಗೆಯಬೇಕು. ಹಸಿದವನೂ ಹೀಗೆಯೇ, ಹೊಟ್ಟೆ ಬಿರಿದವನೂ ಹೀಗೆಯೇ. ಬೇರೆಯವರು ಈ ಕ್ರಮವನ್ನು ಎಲೆಯ ಮುಂದೆ ಮಾತ್ರ ಇಟ್ಟುಕೊಂಡಿದ್ದರೆ ತಾರಾನಾಥ ಅದನ್ನು ಬದುಕಿನುದ್ದಕ್ಕೂ ಹಾಸಿದ್ದ. ಲಾಡ್ಜಿನ ಧಣಿ ಮ್ಯಾನೇಜರನಾಗು ಎಂದು ಮೂರು ಸಲ ಕೇಳಿದ ಮೇಲೆಯೇ ಅವನು ಒಪ್ಪಿದ್ದು. ಬೇಬಿಯ ಅಪ್ಪ ಸಂಬಂಧ ಕೇಳಿಕೊಂಡು ಇವನ ಮನೆಗೆ ಮೂರು ಸಲ ಚಪ್ಪಲಿ ಸವೆಸಿದ್ದರು. ಮೊದಲ ಸಲವೇ ಹೂಂ ಎನ್ನುವವರನ್ನು ಅವನು ಬರಗೆಟ್ಟವರು ಎಂದು ಕರೆಯುತ್ತಿದ್ದ. ಲಾಡ್ಜಿನಲ್ಲಿ ಅವನು ಅತಿಥಿಗಳನ್ನು ಒತ್ತಾಯಿಸುತ್ತಿದ್ದ ರೀತಿಯನ್ನು ನೋಡಲೆಂದೇ ಬರುತ್ತಿದ್ದವರಿದ್ದರು, ಅದಂತೂ ನಿಜ.

ಸಂದರ್ಶನದ ಬೆಳಿಗ್ಗೆ ಅವನು ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಸ್ಕೂಟರಿನಲ್ಲಿ ಕಟಪಾಡಿಗೆ ಬಂದು ಹೆದ್ದಾರಿ ಹತ್ತಿದ. ದಾರಿಯುದ್ದಕ್ಕೂ ಹೊಸ ಹೋಟೆಲುಗಳ ಬೋರ್ಡುಗಳನ್ನು ಓದುತ್ತ, ಒಂದೊಂದನ್ನೂ ಮನಸ್ಸಿನಲ್ಲೇ ಚಿಂದಿ ಮಾಡುತ್ತ ಹೋದ. ರೆಸಾರ್ಟಿನ ಹಜಾರ ನೋಡಿದಾಗ ಅವನಿಗೆ ಒಳಗೊಳಗೇ ಹಬ್ಬವಾಯಿತು. ಮೀನುಗಾರರ ದೋಣಿಯೊಂದನ್ನು ಅಡ್ಡಕ್ಕೆ ಕೊಯ್ದು, ಅದರ ಹೊಟ್ಟೆಗೆ ಬಿಳಿ ಕಲ್ಲು ತುಂಬಿಸಿ, ನಡುವೆ ಒಂದು ಕಳ್ಳಿ ನೆಟ್ಟಿದ್ದರು. ಶೌಚಾಲಯದ ಬಾಗಿಲ ಮೇಲೆ ಯಕ್ಷಗಾನದ ಕಿರೀಟ. ಬಾಗಿಲಲ್ಲಿ ಒಬ್ಬಳು ಪುನರ್ಪುಳಿ ಶರಬತ್ತಿನ ಪುಟ್ಟ ಲೋಟಕ್ಕೆ ಕಾಗದದ ಕೊಡೆ ಚುಚ್ಚಿ ತಂದು ಮುಂದೆ ಹಿಡಿದಳು. ಬೇಡ ಎಂದ. ಅವಳು ತಕ್ಷಣ ತಿರುಗಿ ಹೋದಳು. ಇವರಿಗೆ ಕಲಿಸಲು ಎಷ್ಟೊಂದು ಉಂಟು ಎಂದುಕೊಂಡು ತಾರಾನಾಥ ಒಣಗಿದ ಗಂಟಲನ್ನು ಸವರಿಕೊಂಡ.

ಸೋಫಾದ ಇನ್ನೊಂದು ತುದಿಯಲ್ಲಿ ಕೋಟು ತೊಟ್ಟ ಯುವಕನೊಬ್ಬ ಬೆವರುತ್ತ ಕೂತಿದ್ದ. ಹೆಸರು ಸ್ಯಾಮ್ಸನ್, ಶಂಕರಪುರದವನು, ದೋಹಾದ ಹೋಟೆಲೊಂದರಲ್ಲಿ ಇದ್ದು ಬಂದವನು. ಅವನು ತಾನಾಗಿಯೇ ಇಷ್ಟನ್ನೂ ಹೇಳಿ, ನನಗೆ ಈ ಕೆಲಸ ತುಂಬಾ ಬೇಕು ಸರ್, ಅಮ್ಮನನ್ನು ಬಿಟ್ಟು ಮತ್ತೆ ಹೊರಗೆ ಹೋಗಲು ಮನಸ್ಸಿಲ್ಲ ಎಂದ. ಗುರುತಿಲ್ಲದವರ ಎದುರು ಹೀಗೆ ಹೊಟ್ಟೆ ಬಿಚ್ಚಿ ತೋರಿಸುವುದನ್ನು ಕಂಡು ತಾರಾನಾಥನಿಗೆ ನಾಚಿಕೆಯಾಯಿತು, ಅವನ ಪರವಾಗಿ. ಪಾಪ, ಹೇಳಿಕೊಡುವವರು ಇರಲಿಲ್ಲವೇನೋ ಎಂದುಕೊಂಡ. ಸ್ಯಾಮ್ಸನ್‌ಗೆ ಮಧ್ಯಾಹ್ನಕ್ಕೆ ಎಂದು ಹೇಳಿ, ತಾರಾನಾಥನನ್ನು ಮೊದಲು ಒಳಗೆ ಕರೆದರು.

ಒಳಗೆ ಇಬ್ಬರು ಹೆಂಗಸರಿದ್ದರು. ಒಬ್ಬಳು ಪುಣೆಯಿಂದ ಬಂದ ಮೇಡಂ, ರೆಸಾರ್ಟಿನ ಮಾಲೀಕರ ಕಡೆಯವಳು, ಕನ್ನಡ ಬಾರದವಳು. ಇನ್ನೊಬ್ಬಳು ಫೋನ್ ಮಾಡಿ ಕರೆದಿದ್ದ ರೇಚಲ್, ಬೆಳ್ಮಣ್ಣಿನ ಹುಡುಗಿ, ಕನ್ನಡ ತುಳು ಕೊಂಕಣಿ ಎಲ್ಲ ಬಲ್ಲವಳು. ಮಾತು ಇಂಗ್ಲಿಷಿನಲ್ಲಿ ನಡೆಯಿತು, ಸಿಕ್ಕಿಬಿದ್ದಲ್ಲಿ ರೇಚಲ್ ಆಚೆ ಈಚೆ ದಾಟಿಸಿದಳು. ಮೋಕ್ಷಾ ಉರುಹೊಡೆಸಿದ ಪ್ರಶ್ನೆ ಒಂದೂ ಬರಲಿಲ್ಲ. ಸಿಟ್ಟಿನಿಂದ ಕೂಗಾಡುತ್ತ ಬರುವ ಅತಿಥಿಯನ್ನು ಏನು ಮಾಡುತ್ತೀರಿ ಎಂದು ಮೇಡಂ ಕೇಳಿದಳು. ಮೊದಲು ಕೂರಿಸುತ್ತೇನೆ ಎಂದ ತಾರಾನಾಥ. ನಿಂತವನ ಸಿಟ್ಟು ಇಳಿಯುವುದಿಲ್ಲ, ಕೂತವನಿಗೆ ಕೂಗಲು ಉಸಿರು ಸಾಲುವುದಿಲ್ಲ. ಆಮೇಲೆ ಅವನ ಹೆಂಡತಿಯನ್ನು ಕೇಳುತ್ತೇನೆ, ಸಿಟ್ಟಿನ ನಿಜವಾದ ಕಾರಣ ಅವಳಿಗೆ ಗೊತ್ತಿರುತ್ತದೆ. ಮೇಡಂ ನಕ್ಕಳು. ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕೆ ಸರಿಸಿದಳು. ಮದುವೆಯ ದಿಬ್ಬಣಗಳು, ಶಿರೂರಿನ ಕಡೆಯ ಬಸ್ಸು ಕೆಟ್ಟು ರಾತ್ರಿ ಬಂದಿಳಿದ ಯಾತ್ರಿಕರು, ಬಿಲ್ಲು ಕೊಡದೆ ಕಿಟಕಿಯಿಂದ ಹಾರಿದ ಸಂಭಾವಿತರು ಎಂದು ತಾರಾನಾಥ ಹೇಳುತ್ತ ಹೋದ. ಹೇಳಿದ್ದೆಲ್ಲ ಬೇರೆಯವರ ಕತೆಯೇ, ಆದರೆ ಪ್ರತಿಯೊಂದರಲ್ಲೂ ಅವನು ಎಂಥವನೆಂದು ಕಾಣುತ್ತಿತ್ತು. ಆ ಕೋಣೆಯಲ್ಲಿ ಅವನು ನಿಜವಾಗಿ ಚೆನ್ನಾಗಿ ಮಾತಾಡಿದ, ಅದನ್ನು ಅವನ ಶತ್ರುವೂ ಒಪ್ಪಬೇಕು.

ಮೇಡಂ ರೇಚಲ್‌ಳ ಮುಖ ನೋಡಿದಳು, ರೇಚಲ್ ತಲೆಯಾಡಿಸಿದಳು. ಮುಂಬಾಗಿಲ ರಿಸೆಪ್ಷನ್ನಿನ ಮ್ಯಾನೇಜರ ಕೆಲಸಕ್ಕೆಂದು ನಿಮ್ಮನ್ನು ಕರೆದೆವು, ಆದರೆ ಅದಕ್ಕಿಂತ ದೊಡ್ಡದು ಒಂದು ಖಾಲಿ ಇದೆ ಎಂದಳು ಮೇಡಂ. ಬಂದವರನ್ನು ಬರಮಾಡಿಕೊಳ್ಳುವುದರಿಂದ ಹಿಡಿದು ಊಟದ ಹಾಲಿನವರೆಗೆ, ಅತಿಥಿಗಳ ಎಲ್ಲ ವ್ಯವಸ್ಥೆಗೂ ಒಬ್ಬ ಮುಖ್ಯಸ್ಥ ಬೇಕು. ಹುಡುಗರಿಗೆ ನೀವೇ ಕಲಿಸಬೇಕು. ವಹಿಸಿಕೊಳ್ಳುತ್ತೀರಾ?

ಇಡೀ ಹಜಾರ ತಾರಾನಾಥನ ಕಣ್ಣಿಗೆ ಬಂತು. ಆ ದೋಣಿಯನ್ನು ಮೊದಲು ಹೊರಗೆ ಹಾಕಿಸಬೇಕು, ಕಿರೀಟವನ್ನು ಅಲ್ಲಿಂದ ತೆಗೆಸಬೇಕು, ಶರಬತ್ತಿನ ಹುಡುಗಿಗೆ ಎರಡನೇ ಸಲ ಕೇಳಲು ಕಲಿಸಬೇಕು. ಅವನಿಗೆ ಬೇಕಿತ್ತು; ಮದುವೆಗೂ ಇಷ್ಟು ಆಸೆಪಟ್ಟಿರಲಿಲ್ಲ. ಬೇಕಾದ್ದು ಎದುರಿಗೆ ಬಂದಾಗ ಅವನಿಗೆ ಮಾಡಲು ಗೊತ್ತಿದ್ದದ್ದು ಒಂದೇ. ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ, ಛೇ ಛೇ, ಅಷ್ಟು ದೊಡ್ಡ ಜವಾಬ್ದಾರಿ ನನ್ನಂಥವನಿಗೆ ಯಾಕೆ, ನಿಮ್ಮಲ್ಲಿ ಓದಿದವರು ಎಷ್ಟೋ ಜನ ಇದ್ದಾರಲ್ಲ ಎಂದ.

ಮೇಡಂ ಹುಬ್ಬೇರಿಸಿದಳು. ರೇಚಲ್ ಕುರ್ಚಿಯ ತುದಿಗೆ ಬಂದಳು.

"ಸರ್, ಇನ್ನೊಂದು ಸಲ ಯೋಚನೆ ಮಾಡಿ ಹೇಳಿ," ಎಂದಳು ಕನ್ನಡದಲ್ಲಿ. "ಮೇಡಂ ಬಾಯಿಮಾತಿಗೆ ಕೇಳುವುದಲ್ಲ. ಮನಸ್ಸಿನಿಂದಲೇ ಕೇಳುವುದು."

ಇದು ಎರಡನೆಯದು. ತಾರಾನಾಥನಿಗೆ ಹಾಯೆನಿಸಿತು. ಎಷ್ಟೋ ಕಾಲದ ಮೇಲೆ ಒಬ್ಬರು ಅವನನ್ನು ಕ್ರಮವಾಗಿ ಒತ್ತಾಯ ಮಾಡುತ್ತಿದ್ದರು. ಬೆಳ್ಮಣ್ಣಿನ ಹುಡುಗಿ, ಮನೆಯಲ್ಲಿ ಹೇಳಿಕೊಟ್ಟಿದ್ದಾರೆ ಎಂದುಕೊಂಡ. ಇಷ್ಟು ಒಳ್ಳೆಯ ಒತ್ತಾಯಕ್ಕೆ ಅಷ್ಟೇ ಒಳ್ಳೆಯ ನಿರಾಕರಣೆ ಕೊಡದಿದ್ದರೆ ಹೇಗೆ? ಅವನು ಒಂದು ಕೈಯನ್ನು ಹಿಂದೆ ತೆಗೆದು, ಇನ್ನೊಂದರ ಬೆರಳುಗಳನ್ನು ತುಸು ಬಿಡಿಸಿ, ಮುಗುಳ್ನಕ್ಕ.

"ನಾನು ಯಾವ ಲೆಕ್ಕ ಅಮ್ಮ. ನಿಜ ಹೇಳಬೇಕಾದರೆ ನನಗೆ ಈ ಕೆಲಸದ ಆಸೆಯೇ ಇಲ್ಲ. ಮಗಳ ಒತ್ತಾಯಕ್ಕೆ ಬಂದದ್ದು."

ರೇಚಲ್ ಅವನನ್ನೇ ಒಂದು ಗಳಿಗೆ ನೋಡಿದಳು. ಮೇಡಂ ಏನೆಂದು ಕೇಳಿದಳು. ರೇಚಲ್ ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಇಂಗ್ಲಿಷಿಗೆ ದಾಟಿಸಿದಳು. ಮೇಡಂಗೆ ಬೇಸರವೇನೂ ಆಗಲಿಲ್ಲ. ಇಷ್ಟು ನೇರವಾಗಿ ಹೇಳುವವರು ಅಪರೂಪ ಎಂದು ಮೆಚ್ಚಿ, ಎದ್ದು ನಿಂತು, ಅವನ ಕೈಯನ್ನು ಗಟ್ಟಿಯಾಗಿ ಕುಲುಕಿದಳು. ಮೂರನೆಯ ಮಾತಿಗೆ ಬಾಯಿ ಸಿದ್ಧಮಾಡಿಕೊಂಡಿದ್ದ ತಾರಾನಾಥ ಅದೇ ಬಾಯಿಯಲ್ಲಿ ನಮಸ್ಕಾರ ಎಂದು ಹೊರಗೆ ಬಂದ.

ಮನೆಗೆ ಬರುವಷ್ಟರಲ್ಲಿ ಅವನು ಇದಕ್ಕೊಂದು ಅರ್ಥ ಹಚ್ಚಿದ್ದ. ದೊಡ್ಡ ಹುದ್ದೆಯ ಮಾತು, ಮೇಲಿನವರ ಹತ್ತಿರ ಕೇಳಬೇಕಾಗುತ್ತದೆ, ಮೂರನೆಯ ಸಲ ಫೋನ್ ಮಾಡಿಯೇ ಕೇಳುವುದು. ಹೆಂಡತಿ ಮಗಳನ್ನು ಕೂರಿಸಿಕೊಂಡು, ಸಿಟ್ಟಿನ ಅತಿಥಿಯ ಪ್ರಶ್ನೆಯಿಂದ ಹಿಡಿದು ಕೈ ಕುಲುಕಿದ್ದರವರೆಗೆ ಎಲ್ಲವನ್ನೂ ವರ್ಣಿಸಿದ. ತಾನು ಎಷ್ಟು ಚಂದಕ್ಕೆ ಬೇಡ ಎಂದೆ ಎನ್ನುವುದನ್ನು ಎರಡು ಸಲ ವರ್ಣಿಸಿದ. ಬೇಬಿ ಕೇಳಿ ಮುಗಿಸಿ ಎದ್ದು ಒಳಗೆ ಹೋದಳು. ಒಳಗಿನಿಂದ ಪಾತ್ರೆಯ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳಿತು. ಮೋಕ್ಷಾ ಮಾತ್ರ ಕೂತಲ್ಲೇ ಕೂತಿದ್ದಳು.

"ಅಪ್ಪ, ನಾನು ದಿನಾ ಆ ಮೇಜಿನ ಆಚೆ ಕೂರುವವಳು," ಎಂದಳು. "ಬೇಡ ಎಂದವರ ಹೆಸರನ್ನು ನಾವು ಅಲ್ಲಿಗೇ ಬಿಡುವುದು. ಇನ್ನೊಂದು ಸಲ ಕೇಳಲಿಕ್ಕೆ ಯಾರಿಗೂ ಪುರುಸೊತ್ತಿಲ್ಲ. ಈಗಲೇ ಫೋನ್ ಮಾಡಿ. ಬೇಕು ಎಂದು ಹೇಳಿ."

ತಾರಾನಾಥ ಕೆಂಡವಾದ. ಮನುಷ್ಯರ ಮಾತನ್ನು ಅಕ್ಷರಕ್ಕೆ ಅಕ್ಷರ ಹಿಡಿಯುವುದು ಯಂತ್ರಗಳು, ಬೆಳ್ಮಣ್ಣಿನ ಹುಡುಗಿ ಯಂತ್ರವಲ್ಲ ಎಂದ. ಮಣಿಪಾಲದ ಗಾಜಿನ ಕಟ್ಟಡದಲ್ಲಿ ಕೂತು ನಿನಗೆ ಮನುಷ್ಯರ ವಾಸನೆಯೇ ಮರೆತುಹೋಗಿದೆ ಎಂದ. ಹಾಗಾದರೆ ನಾನೇ ಮಾಡುತ್ತೇನೆ ಎಂದು ಅವಳು ಮೊಬೈಲು ತೆಗೆದಾಗ, ಅಪ್ಪನಿಗೆ ಕೆಲಸ ಬೇಡುವ ಮಗಳನ್ನು ನಾನು ಸಾಕಿಲ್ಲ ಎಂದು ಕಿತ್ತುಕೊಂಡ. ಮೋಕ್ಷಾಳ ಕಣ್ಣಲ್ಲಿ ನೀರು ಬಂತು. ಅದು ಸಿಟ್ಟಿನ ನೀರು ಎಂದು ಅವನಿಗೆ ಗೊತ್ತಾಯಿತು, ಗೊತ್ತಾಗದವನ ಹಾಗೆ ಇದ್ದ.

ಆಮೇಲೆ ಅವನು ಕಾದ. ಮೊಬೈಲು ಹಿಡಿದುಕೊಂಡು ತಿರುಗುವವರನ್ನು ಕಂಡರಾಗದವನು ಈಗ ಸ್ನಾನಕ್ಕೆ ಹೋಗುವಾಗಲೂ ಅದನ್ನು ಕಿಟಕಿಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಸಾಲ ಬೇಕೇ ಎಂದು ಕೇಳುವವರು ಮಾಡಿದರು, ಗೃಹಪ್ರವೇಶಕ್ಕೆ ಕರೆಯುವವರು ಮಾಡಿದರು, ರೆಸಾರ್ಟಿನವರು ಮಾಡಲಿಲ್ಲ. ಕೇಳಿದವರಿಗೆ, ಅವರು ಬಹಳ ಒತ್ತಾಯ ಮಾಡುತ್ತಿದ್ದಾರೆ, ನಾನೇ ಇನ್ನೂ ಮನಸ್ಸು ಮಾಡಿಲ್ಲ ಎಂದು ಹೇಳಿದ. ಅಂಗಡಿಯಲ್ಲಿ ಹೇಳಿದ, ಹಾಲಿನ ಡೈರಿಯಲ್ಲಿ ಹೇಳಿದ. ಅಲೆವೂರಿಗೆಲ್ಲ ಗೊತ್ತಾದ ಮೇಲೆ, ತನ್ನನ್ನು ತಾನು ನಂಬಿಸಿಕೊಳ್ಳುವುದೊಂದೇ ಬಾಕಿ ಉಳಿಯಿತು.

ಕೊನೆಗೆ ಫೋನ್ ಬಂತು. ರೇಚಲ್. ತಾರಾನಾಥ ಅಂಗಳಕ್ಕೆ ಹೋಗಿ, ಗಂಟಲು ಸರಿಮಾಡಿಕೊಂಡು, ಅವಸರವಿಲ್ಲದ ದನಿಯಲ್ಲಿ ಹಲೋ ಎಂದ. ಮುಖ್ಯಸ್ಥನ ಕೆಲಸ ಸ್ಯಾಮ್ಸನ್‌ಗೆ ಹೋಯಿತು ಎಂದಳು ರೇಚಲ್. ಮೇಡಂ ಕೇಳಿ ಮುಗಿಸುವ ಮೊದಲೇ ಅವನು ಹೂಂ ಎಂದನಂತೆ, ಕಣ್ಣಲ್ಲಿ ನೀರು ಹಾಕಿದನಂತೆ.

"ಸರ್, ನಮ್ಮ ಮನೆಯಲ್ಲೂ ಹಾಗೆಯೇ. ನನಗೆ ಗೊತ್ತಾಗಿತ್ತು, ಅದಕ್ಕೇ ಎರಡನೇ ಸಲ ಕೇಳಿದ್ದು. ಆಸೆಯೇ ಇಲ್ಲ ಎಂದು ನೀವು ಹೇಳಿಬಿಟ್ಟ ಮೇಲೆ ನಾನು ಎಂತ ಮಾಡುವುದು? ನಿಮ್ಮನ್ನು ಮೊದಲು ಕರೆದ ಕೆಲಸ, ಮುಂಬಾಗಿಲಿನದ್ದು, ಅದು ಇನ್ನೂ ಉಂಟು. ಇವತ್ತು ಸಂಜೆಯ ಒಳಗೆ ಹೇಳಬೇಕು. ಬೇಕಾ ಸರ್?"

ಮೂರನೇ ಸಲವೂ ಕೇಳಿಯೇಬಿಟ್ಟಳು. ಕ್ರಮದ ಪ್ರಕಾರ ಈಗ ಕೈ ಹಿಂದೆ ತೆಗೆಯಬಹುದಿತ್ತು, ಯಾರೂ ಬರಗೆಟ್ಟವನೆಂದು ಹೇಳುತ್ತಿರಲಿಲ್ಲ. ಆ ಕೆಲಸಕ್ಕೆಂದೇ ಅವನು ಅಂಗಿಗೆ ಗಂಜಿ ಹಾಕಿಸಿಕೊಂಡು ಹೋದವನು. ಆದರೆ ಅವನ ತಲೆಯಲ್ಲಿ ಆಗ ಇದ್ದದ್ದು ಸ್ಯಾಮ್ಸನ್‌ನ ಕೋಟು. ಎಲೆ ಹಾಕುವ ಮೊದಲೇ ಪಂಕ್ತಿಯಲ್ಲಿ ಬಂದು ಕೂತವನು, ಅವನ ಕೈಕೆಳಗೆ ನಿಲ್ಲುವುದು, ಅವನು ಹೇಳಿದ ಹಾಗೆ ನಗುವುದು. ತಾರಾನಾಥ ಇಷ್ಟು ಕಾಲ ಮರ್ಯಾದೆ ಎಂದು ಕರೆಯುತ್ತಿದ್ದದ್ದು ಏನೆಂದು ಆ ಒಂದು ಗಳಿಗೆಯಲ್ಲಿ ಬೆತ್ತಲೆಯಾಗಿ ಕಾಣುತ್ತಿತ್ತು, ನೋಡುವ ಮನಸ್ಸಿದ್ದಿದ್ದರೆ. ಬೇಡ ಅಮ್ಮ, ಕೇಳಿದ್ದೇ ಸಂತೋಷ ಎಂದ. ರೇಚಲ್ ಒಳ್ಳೆಯದಾಗಲಿ ಎಂದು ಫೋನ್ ಇಟ್ಟಳು. ಅವನು ಮೊಬೈಲನ್ನು ಕಿವಿಯಲ್ಲೇ ಹಿಡಿದು ಇನ್ನೂ ಸ್ವಲ್ಪ ಹೊತ್ತು, ಹೂಂ, ಹೂಂ, ನೋಡುವ ಎಂದು ಮಾತಾಡಿದ. ಅಡುಗೆಮನೆಯ ಕಿಟಕಿಯಲ್ಲಿ ಬೇಬಿ ನಿಂತಿದ್ದಳು.

ಆ ವಾರದಿಂದ ಬೇಬಿ ಗಂಡನ ಜೊತೆ ಜಗಳ ಮಾಡುವುದನ್ನು ಬಿಟ್ಟಳು. ಜಗಳ ಮಾಡಿದ್ದರೆ ಅವನಿಗೆ ಹೇಳಲು ಎಷ್ಟೋ ಇತ್ತು. ಅವಳು ಪಕ್ಕದ ಮನೆಯವಳ ಜೊತೆ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಉಂಟೇ ಎಂದು ವಿಚಾರಿಸುತ್ತಿದ್ದದ್ದು ಅವನ ಕಿವಿಗೆ ಬಿತ್ತು. ಅವಳ ದನಿಯಲ್ಲಿ ಯಾವ ಸಂಕೋಚವೂ ಇರಲಿಲ್ಲ. ಉಪ್ಪು ಉಂಟೇ ಎಂದು ಕೇಳುವ ಹಾಗೆ ಕೇಳಿದ್ದಳು. ತಾರಾನಾಥ ಪೇಪರು ಮುಖಕ್ಕೆ ಹಿಡಿದುಕೊಂಡು ಕೂತ. ಓದಿದ್ದು ಒಂದೂ ತಲೆಗೆ ಹೋಗಲಿಲ್ಲ.

ಭಾನುವಾರ ಜಿತೇಶ ಬಂದ, ಹೆಂಡತಿ ಮಕ್ಕಳಿಲ್ಲದೆ ಒಬ್ಬನೇ. ಅಕ್ಕ ಹೇಳಿ ಕರೆಸಿರಬೇಕು ಎಂದು ತಾರಾನಾಥನಿಗೆ ಹೊಳೆಯಿತು. ಸರಿ, ಕೇಳುತ್ತಾನೆ. ಮೊದಲ ಸಲ ಏನು ಹೇಳಬೇಕು, ಎರಡನೆಯ ಸಲ ಏನು ಹೇಳಬೇಕು ಎಂದು ಅವನು ಮನಸ್ಸಿನಲ್ಲೇ ಜೋಡಿಸಿಕೊಂಡ. ಮೂರನೆಯ ಸಲ ಒಪ್ಪಿಕೊಳ್ಳುವುದೆಂದೂ, ನಿನ್ನ ಅಕ್ಕನ ಮುಖ ನೋಡಿ ಒಪ್ಪಿದೆ ಎಂದು ಹೇಳುವುದೆಂದೂ ತೀರ್ಮಾನ ಮಾಡಿದ. ಜಿತೇಶ ಕೋಳಿ ಸಾರು ನೀರುದೋಸೆಗೆ ಕೂತ. ಇನ್ನೆರಡು ಹಾಕಕ್ಕ ಎಂದು ಕೇಳಿ ಹಾಕಿಸಿಕೊಂಡು ತಿಂದ. ಹಿರಿಯಡ್ಕದಲ್ಲಿ ರಸ್ತೆ ಅಗಲ ಮಾಡುವುದನ್ನು ಹೇಳಿದ, ಪಡುಬಿದ್ರಿಯಲ್ಲಿ ಇನ್ನೊಂದು ಅಂಗಡಿ ತೆರೆಯುವ ಅಂದಾಜು ಹೇಳಿದ, ಕೆಲಸಕ್ಕೆ ನಂಬಿಗಸ್ಥರು ಸಿಗುವುದಿಲ್ಲ ಎಂದೂ ಹೇಳಿದ. ತಾರಾನಾಥ ಪ್ರತಿ ಮಾತಿನ ಕೊನೆಯಲ್ಲೂ ಕಾದ. ಜಿತೇಶ ಕೈ ತೊಳೆದ, ಬಾಯಿ ಒರೆಸಿದ, ಬರುತ್ತೇನೆ ಭಾವ ಎಂದ, ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದ.

ಬೇಬಿ ಬಾಗಿಲಲ್ಲಿ ನಿಂತಿದ್ದಳು. ತಮ್ಮನ ಕಡೆ ನೋಡುತ್ತಿರಲಿಲ್ಲ, ಗಂಡನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಈ ಮನುಷ್ಯನಿಂದ ಇಷ್ಟೇ ಎಂದು ಲೆಕ್ಕ ಮುಗಿಸಿದವಳ ನೋಟ ಅದು. ಜೀವಮಾನವಿಡೀ ಬೇರೆಯವರನ್ನು ಹಾಗೆ ನೋಡಿದ ತಾರಾನಾಥನಿಗೆ ಅದನ್ನು ಗುರುತಿಸಲು ಕಷ್ಟವಾಗಲಿಲ್ಲ. ಅವನು ಬರಿಗಾಲಲ್ಲಿ ಗೇಟಿನವರೆಗೆ ಹೋದ. ಜಿತೇಶ ಕಾರಿನ ಬಾಗಿಲು ತೆರೆದಿದ್ದ.

"ಜಿತೇಶ," ಎಂದ ತಾರಾನಾಥ. "ಆವತ್ತು ನೀನು ಅಂಗಡಿಗೆ ಕರೆದದ್ದು ಉಂಟಲ್ಲ. ನಾನು ಬರುತ್ತೇನೆ. ನನಗೆ ಕೆಲಸ ಬೇಕು."

ನಗುತ್ತಾನೆ ಎಂದು ಹಲ್ಲು ಕಚ್ಚಿ ನಿಂತ. ಜಿತೇಶ ನಗಲಿಲ್ಲ. ಅವನ ಮುಖದಲ್ಲಿ ಇದ್ದದ್ದು ಬರೀ ಆಶ್ಚರ್ಯ.

"ಎಂತ ಭಾವ ನೀವು, ಮೊದಲೇ ಹೇಳಬಾರದಿತ್ತಾ? ನಾನು ಆವತ್ತು ಕೇಳಿದೆ, ನೀವು ಬೇಡ ಎಂದಿರಿ. ನಿಮ್ಮ ಮಾತೆಂದರೆ ಮಾತು, ಮತ್ತೆ ಮತ್ತೆ ಕೇಳಿ ಅವಮಾನ ಮಾಡುವುದು ಬೇಡ ಎಂದು ಸುಮ್ಮನಿದ್ದೆ." ಅವನು ಕಾರಿನೊಳಗೆ ಕೂತು ಗಾಜು ಇಳಿಸಿದ. "ನಾಳೆಯೇ ಬನ್ನಿ. ಅಂಗಡಿ ಒಂಬತ್ತಕ್ಕೆ ತೆರೆಯುವುದು."

ಕಾರು ತಿರುವು ದಾಟಿ ಹೋಯಿತು. ತಾರಾನಾಥ ಗೇಟು ಹಿಡಿದು ನಿಂತೇ ಇದ್ದ. ಮಾತು ಆಡಿದ್ದಾಗಿತ್ತು, ಆಕಾಶ ಬಿದ್ದಿರಲಿಲ್ಲ, ಪಕ್ಕದ ಮನೆಯವರು ಹೊರಗೆ ಬಂದಿರಲಿಲ್ಲ. ನಾಲಗೆಗೆ ನೋವು ಕೂಡ ಆಗಿರಲಿಲ್ಲ. ಹೇಳಲು ಒಂದು ಉಸಿರೂ ಪೂರ್ತಿ ಬೇಕಾಗಿರಲಿಲ್ಲ. ಇಷ್ಟೇ ಮಾತನ್ನು ಕಾಪುವಿನ ಆ ತಣ್ಣನೆಯ ಕೋಣೆಯಲ್ಲಿ, ಕೇಳಲೆಂದೇ ಕೂತಿದ್ದ ಇಬ್ಬರ ಎದುರು ಹೇಳಬಹುದಿತ್ತು. ಅವನು ತಿರುಗಿ ಮನೆಯ ಕಡೆ ನಡೆದ. ಬೇಬಿ ಆಗಲೇ ಒಳಗೆ ಹೋಗಿದ್ದಳು.